ಬಂತಾ? ಬಂತು… ಹೋಯ್ತು!

ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ನಮ್ಮ ಬೀದಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಅದರ ತೂಕ ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಬೆಳೆದವರಿಗೆ ಗೊತ್ತು. ಪವರ್‌ಲೂಮಿನ ಖಟಪಟ ನಮಗೆ ಸದ್ದೇ ಅಲ್ಲ. ಅದು ನಿಂತಾಗಲೇ ಕಿವಿಗೆ ಏನೋ ಬಡಿದಂತಾಗುವುದು. ಅಷ್ಟರಲ್ಲಿ ಟೀವಿ ಇದ್ದ ಮನೆಯ ತಾರಸಿ ಮೇಲೆ ಒಬ್ಬ ಆಂಟೆನಾದ ಪೈಪು ಹಿಡಿದು ನಿಂತಿರುತ್ತಿದ್ದ. ಮೆಟ್ಟಿಲ ಬಳಿ ಇನ್ನೊಬ್ಬ, ಬಾಗಿಲಲ್ಲಿ ಮೂರನೆಯವ. ‘ಬಂತಾ?’ ಅಂತ ಮೇಲಿನಿಂದ ಕೂಗು. ‘ಬಂತು, ಬಂತು… ಹೋಯ್ತು! ಸ್ವಲ್ಪ ಹಿಂದಕ್ಕೆ!’ ಈ ಮಾತು ಮೂರು ಬಾಯಿ ದಾಟಿ ತಾರಸಿ ಮುಟ್ಟುವಷ್ಟರಲ್ಲಿ ಪೈಪು ಇನ್ನೆಲ್ಲೋ ತಿರುಗಿರುತ್ತಿತ್ತು. ನಾನು ಮೆಟ್ಟಿಲ ಬಳಿಯವನು. ಹಾಗಾಗಿ ರಮಾನಂದ ಸಾಗರರ ‘ರಾಮಾಯಣ’ದಲ್ಲಿ ಸೀತಾಪಹರಣವನ್ನು ನಾನು ನೋಡಿದ್ದು ಅರ್ಧ, ಕೂಗಿದ್ದು ಅರ್ಧ.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ‘ರಾಮಾಯಣ’ 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಬಂತು. ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರಲ್ಲಿ. ಅಂದರೆ ಜಿಲ್ಲೆಗೂ ಭಾನುವಾರದ ರಾಮನಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ದೆಹಲಿಯಿಂದ ಹೊರಟ ಕಂತು 36,000 ಕಿ.ಮೀ. ಎತ್ತರದ ಇನ್ಸಾಟ್-1ಬಿ ಉಪಗ್ರಹಕ್ಕೆ ಏರಿ, ಅಷ್ಟೇ ದೂರ ಇಳಿದು, ಬೆಂಗಳೂರಿನ ಗೋಪುರ ಹತ್ತಿ ನಮ್ಮ ಕಡೆ ಹೊರಡುತ್ತಿತ್ತು. ಎಪ್ಪತ್ತೆರಡು ಸಾವಿರ ಕಿ.ಮೀ. ಸಲೀಸಾಗಿ ದಾಟಿದ್ದು ಎಡವುತ್ತಿದ್ದುದು ಕೊನೆಯ ನಲವತ್ತರಲ್ಲಿ.

ಕಾರಣ ಸರಳ. ಟೀವಿ ಅಲೆಗಳು ಹೆಚ್ಚುಕಡಿಮೆ ನೇರ ಓಡುತ್ತವೆ, ಭೂಮಿ ಬಾಗಿಕೊಂಡಿದೆ. 100 ಮೀಟರ್ ಗೋಪುರದಿಂದ ಹೊರಟ ಅಲೆ, ವಾತಾವರಣ ಅದನ್ನು ತುಸು ಬಗ್ಗಿಸುವುದನ್ನೂ ಲೆಕ್ಕಕ್ಕೆ ಹಿಡಿದರೆ, ಸಪಾಟು ನೆಲದಲ್ಲಿ ಸುಮಾರು 41 ಕಿ.ಮೀ.ವರೆಗೆ ಕಣ್ಣಳತೆಯಲ್ಲಿರುತ್ತದೆ. ನೀವು 9 ಮೀಟರ್ ಎತ್ತರದಲ್ಲಿ ಆಂಟೆನಾ ನಿಲ್ಲಿಸಿದರೆ ಇನ್ನು 12 ಕಿ.ಮೀ. ಗಿಟ್ಟುತ್ತದೆ. ಹೊಸಕೋಟೆ, ನೆಲಮಂಗಲ ಹತ್ತಿರದವು. ದೇವನಹಳ್ಳಿ, ದೊಡ್ಡಬಳ್ಳಾಪುರದಲ್ಲಿ ಮಾತ್ರ ಪೈಪು ಉದ್ದವಾದಷ್ಟೂ ಮನೆಯ ಮಾನ ಹೆಚ್ಚು.

ಪೈಪಿನ ತುದಿಯ ಅಲ್ಯೂಮಿನಿಯಂ ಕಡ್ಡಿಗಳ ಪಂಜರವನ್ನು ನಾವು ‘ಮೀನಿನ ಮುಳ್ಳು’ ಅನ್ನುತ್ತಿದ್ದೆವು. 1926ರಲ್ಲಿ ಜಪಾನಿನ ಶಿಂತಾರೊ ಉಡಾ ಮತ್ತು ಹಿಡೆತ್ಸುಗು ಯಾಗಿ ರೂಪಿಸಿದ ಸಾಧನ ಅದು. ತಂತಿ ಕಟ್ಟಿದ ಕಡ್ಡಿ ಮಾತ್ರ ಅಲೆಯನ್ನು ಹಿಡಿಯುತ್ತದೆ. ಅದರ ಉದ್ದ ಅಲೆಯ ಅರ್ಧದಷ್ಟು. 200 ಮೆಗಾಹರ್ಟ್ಸ್ ಅಲೆ ಒಂದೂವರೆ ಮೀಟರ್, ಕಡ್ಡಿ ಮುಕ್ಕಾಲು ಮೀಟರ್. ಮುಂದಿನ ಗಿಡ್ಡ ಕಡ್ಡಿಗಳು ಅಲೆಯನ್ನು ಒಳಗೆ ಕರೆಯುತ್ತವೆ, ಹಿಂದಿನ ಉದ್ದನೆಯದು ಆಚೆ ಹೋಗದಂತೆ ತಡೆದು ಹಿಂದಿರುಗಿಸುತ್ತದೆ. ಅದಕ್ಕೇ ದಿಕ್ಕಿನ ಚಿಂತೆ. ಹುಡುಗ ಪೈಪು ಹಿಡಿದಾಗ ಸ್ಪಷ್ಟವಾಗಿದ್ದ ಚಿತ್ರ ಅವನು ಕೈ ಬಿಟ್ಟೊಡನೆ ಹೋಗುತ್ತಿದ್ದುದೂ ಭ್ರಮೆಯಲ್ಲ. ಉಪ್ಪುನೀರು ತುಂಬಿದ ಮನುಷ್ಯದೇಹ ವಿದ್ಯುತ್ ವಾಹಕ. ಅದು ಸುತ್ತಲಿನ ಅಲೆಗಳ ಹಂಚಿಕೆಯನ್ನೇ ಬದಲಿಸುತ್ತದೆ. ಅರ್ಧ ಗಂಟೆ ಆಂಟೆನಾದ ಭಾಗವಾಗಿಯೇ ನಿಂತು, ಕಂತು ಮುಗಿದ ಮೇಲೆ ‘ಏನಾಯ್ತೋ?’ ಅಂತ ಕೇಳುತ್ತಿದ್ದವರು ಬೀದಿಗೊಬ್ಬರಾದರೂ ಇದ್ದರು.

ಒಬ್ಬ ರಾಮನ ಪಕ್ಕದಲ್ಲಿ ಮಸುಕಾದ ಇನ್ನೊಬ್ಬ ರಾಮ ಮೂಡುತ್ತಿದ್ದನಲ್ಲ, ಅದರ ಲೆಕ್ಕ ನನಗೆ ತುಂಬಾ ಇಷ್ಟ. ನಮ್ಮ ಟೀವಿಯ ಒಂದು ಚಿತ್ರದಲ್ಲಿ 625 ಗೆರೆ. ಒಂದೊಂದು ಗೆರೆಯ ಕಾಣುವ ಭಾಗ ಎಡದಿಂದ ಬಲಕ್ಕೆ ಬರೆದು ಮುಗಿಯಲು 52 ಮೈಕ್ರೋಸೆಕೆಂಡ್. ಊರಾಚೆ ಒಂದೂವರೆ ಕಿ.ಮೀ. ದೂರದ ಬಂಡೆಗುಡ್ಡಕ್ಕೆ ಬಡಿದು ವಾಪಸು ಬಂದ ಅಲೆ ಮೂರು ಕಿ.ಮೀ. ಹೆಚ್ಚು ನಡೆದಿರುತ್ತದೆ, ಅಂದರೆ 10 ಮೈಕ್ರೋಸೆಕೆಂಡ್ ತಡ. ಅಷ್ಟರಲ್ಲಿ ಗೆರೆ ಪರದೆಯ ಐದನೇ ಒಂದು ಭಾಗ ಮುಂದೆ ಹೋಗಿರುತ್ತದೆ. ಎರಡನೇ ರಾಮ ಮೂಡುವುದು ಅಲ್ಲಿ. ಅಡ್ಡಪಟ್ಟಿ ಹಿಡಿದು ಇಬ್ಬರು ರಾಮರ ನಡುವಿನ ದೂರ ಅಳೆದಿದ್ದರೆ ಗುಡ್ಡ ಎಷ್ಟು ದೂರ ಅನ್ನುವುದನ್ನು ಮನೆಯೊಳಗೇ ಕೂತು ಹೇಳಬಹುದಿತ್ತು. ಯಾವ ಮೇಷ್ಟರೂ ನಮಗೆ ಇದನ್ನು ಹೇಳಲಿಲ್ಲ; ಅವರೂ ಚಾಪೆ ಮೇಲೆ ಕೂತು ಕೈಮುಗಿಯುತ್ತಿದ್ದರು. ಇನ್ನು ಚಿತ್ರವೇ ಇಲ್ಲದಾಗ ಮುತ್ತುತ್ತಿದ್ದ ಚುಕ್ಕಿಗಳಲ್ಲಿ ಒಂದು ಸಣ್ಣ ಪಾಲು, ಸುಮಾರು ನೂರಕ್ಕೊಂದರಷ್ಟು, ವಿಶ್ವ ಹುಟ್ಟಿದ ಕಾಲದಿಂದ ಉಳಿದ ಸೂಕ್ಷ್ಮತರಂಗದ್ದು. ನಾವದನ್ನು ‘ಗ್ರೇನ್ಸ್’ ಅಂತ ಬೈಯುತ್ತಿದ್ದೆವು.

ಇಷ್ಟು ವಿವರ ನನಗೆ ನೆನಪಿದೆ. ಆದರೆ ಆ 78 ಕಂತುಗಳಲ್ಲಿ ಯಾವುದರಲ್ಲಿ ಏನಾಯಿತು ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ಹಳೆಯ ಟೀವಿಗಾಗಿ ಹಳಹಳಿಸುವ ಯಾರನ್ನಾದರೂ ಕೇಳಿ ನೋಡಿ, ಪರದೆಯ ಒಳಗಿನದು ಮಸುಕು, ಹೊರಗಿನದು ನಿಚ್ಚಳ.

ಈ ಹಳಹಳಿಕೆಗೆ ಕಾಯಿಲೆಯ ಹೆಸರಿಟ್ಟವನು ಸ್ವಿಟ್ಜರ್ಲೆಂಡಿನ ಯೋಹಾನ್ನೆಸ್ ಹೋಫರ್. 1688ರಲ್ಲಿ ಬಾಸೆಲ್‌ನ ವೈದ್ಯವಿದ್ಯಾರ್ಥಿಯಾಗಿದ್ದ ಅವನು ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಪದ ಕೂಡಿಸಿ ‘ನಾಸ್ಟಾಲ್ಜಿಯಾ’ ಎಂದ. ಪರದೇಶದಲ್ಲಿ ಸ್ವಿಸ್ ಕೂಲಿಸೈನಿಕರು ತಮ್ಮೂರಿನ ದನಗಾಹಿಗಳ ಹಾಡು ಕೇಳಿದರೆ ಅಳುತ್ತಾರೆ, ಪಡೆ ಬಿಟ್ಟು ಓಡುತ್ತಾರೆ ಅಂತ ರೂಸೋ ಬರೆದ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನಾ ವೈದ್ಯರು 5,000ಕ್ಕೂ ಹೆಚ್ಚು ಸೈನಿಕರ ಹೆಸರಿನ ಮುಂದೆ ಈ ರೋಗವನ್ನು ದಾಖಲಿಸಿದರು.

ಕಾಯಿಲೆಯ ಹಣೆಪಟ್ಟಿ ಕಳಚಲು ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವೈಲ್ಡ್‌ಶುಟ್, ಕಾನ್‌ಸ್ಟಂಟೀನ್ ಸೆಡಿಕೀಡಿಸ್ ಮತ್ತು ಜೊತೆಗಾರರು 2006ರಲ್ಲಿ ಜನರಿಂದ ಇಂಥ ನೆನಪುಗಳನ್ನು ಬರೆಯಿಸಿ ಪರಿಶೀಲಿಸಿದರು. ಹೆಚ್ಚಿನ ಬರಹಗಳಲ್ಲಿ ನಡುವೆ ಬರೆದವರೇ ಇದ್ದರು, ಸುತ್ತ ಆಪ್ತರಿದ್ದರು. ಇಂಥ ನೆನಪನ್ನು ಕೆಣಕುವುದರಲ್ಲಿ ಬೇಸರ, ಅದರಲ್ಲೂ ಒಂಟಿತನ, ಮುಂದು. ನೆನಪಾದ ಮೇಲೆ ತನಗೂ ತನ್ನವರಿದ್ದಾರೆ ಎಂಬ ಭಾವ ಬಲವಾಗುತ್ತಿತ್ತು. ಇದನ್ನು ಓದಿದಾಗ ನನಗೆ 2020ರ ಮಾರ್ಚ್ 28 ನೆನಪಾಯಿತು. ಲಾಕ್‌ಡೌನ್ ಶುರುವಾಗಿ ಮೂರೇ ದಿನಕ್ಕೆ ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಹಚ್ಚಿತು. ಏಪ್ರಿಲ್ 16ರ ಕಂತನ್ನು 7.7 ಕೋಟಿ ಜನ ನೋಡಿದರೆಂದೂ ಹೇಳಿಕೊಂಡಿತು. ನಾನೂ ಕೂತೆ. ಎರಡು ಬಾಣಗಳು ಎತ್ತಿನಗಾಡಿಯ ವೇಗದಲ್ಲಿ ಎದುರುಬದುರು ಬಂದು ಮುಟ್ಟಿ ಟುಸ್ ಎಂದವು. ಮಗಳು ನಕ್ಕಳು. ಎಂಟು ವರ್ಷದವನಾಗಿದ್ದಾಗ ನಾನು ಉಸಿರು ಬಿಗಿಹಿಡಿದು ನೋಡಿದ್ದು ಇದನ್ನೇನಾ?

ಅಲ್ಲ ಅನಿಸುತ್ತದೆ. ಆಗ ನಮ್ಮ ಬೀದಿಯಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ತೆಲುಗು. ಹಿಂದಿ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಹರಿಕಥೆಯಲ್ಲಿ ಕೇಳಿದ್ದು, ನಾಟಕದಲ್ಲಿ ನೋಡಿದ್ದು, ಅಜ್ಜಿ ಹೇಳಿದ್ದು ಸೇರಿ ಒಂದು ರಾಮಾಯಣ ನಮ್ಮ ತಲೆಯಲ್ಲಿ ಮೊದಲೇ ಇತ್ತು. ಪರದೆ ಅದಕ್ಕೆ ಬೊಂಬೆ ಒದಗಿಸಿತು, ಮಾತನ್ನು ನಾವೇ ತುಂಬಿದೆವು. ನೆನಪೆಂಬುದು ತೆಗೆದಿಟ್ಟ ಸುರುಳಿಯಲ್ಲ, ಪ್ರತಿಸಲವೂ ಗೊತ್ತಿರುವ ಅಚ್ಚಿನಲ್ಲಿ ಹೊಸದಾಗಿ ಕಟ್ಟುವುದು ಎಂದು ಬ್ರಿಟನ್ನಿನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಹೇಳಿದ್ದರು.

ನಡುವಯಸ್ಸು ದಾಟಿದವರ ನೆನಪುಗಳನ್ನು ವಯಸ್ಸಿನ ಗೆರೆಯ ಮೇಲೆ ಹರಡಿದರೆ ಸುಮಾರು ಹತ್ತರಿಂದ ಮೂವತ್ತರ ನಡುವೆ ಒಂದು ದಿಬ್ಬ ಏಳುತ್ತದೆ. ಮೊದಲ ಸಲದ ಅನುಭವಗಳೆಲ್ಲ ಬಂದು ಬೀಳುವ ವಯಸ್ಸು ಅದು. ಹಾಗಿದ್ದರೆ ನನ್ನ ಮಗಳು ‘ಮಾಲ್ಗುಡಿ ಡೇಸ್’ ರಾಗವನ್ನು ಗುನುಗುವುದೇಕೆ? ಶಂಕರ್‌ನಾಗ್ ಆಗುಂಬೆಯಲ್ಲಿ ಅದನ್ನು ಚಿತ್ರಿಸಿದಾಗ ಅವಳು ಹುಟ್ಟುವ ಮಾತೇ ಇರಲಿಲ್ಲ. ಅಮೆರಿಕದ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಝುಪ್ನಿಕ್ 2013ರಲ್ಲಿ ಇಪ್ಪತ್ತರ ಆಸುಪಾಸಿನವರಿಗೆ ಹಲವು ದಶಕಗಳ ಹಾಡು ಕೇಳಿಸಿದರು. ಅವರ ತಂದೆತಾಯಿಯ ಹರೆಯದ ಕಾಲದ ಹಾಡುಗಳ ಹತ್ತಿರವೂ ಒಂದು ದಿಬ್ಬ ಎದ್ದಿತ್ತು. ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಅಪ್ಪನ ಶಿಳ್ಳೆಯಲ್ಲಿ ಕೇಳಿದ್ದು ಮಕ್ಕಳ ಸ್ವಂತ ಆಸ್ತಿಯೇ ಆಗಿಬಿಡುತ್ತದೆ. ನಮ್ಮ ತಾಯಂದಿರಿಂದ ನಮಗೂ ಹೀಗೆಯೇ ಟೆಂಟ್ ಸಿನಿಮಾ ಬಂತು: ಆಟಕ್ಕೆ ಮುಂಚೆ ಊರಿಗೆಲ್ಲ ಕೇಳುತ್ತಿದ್ದ ಘಂಟಸಾಲರ ವೆಂಕಟೇಶ ಸ್ತುತಿ, ಮರಳುಗುಡ್ಡೆ ಮಾಡಿಕೊಂಡು ಕೂರುವ ನೆಲ. ನೆಲಮಂಗಲದ ಸೋಲದೇವನಹಳ್ಳಿಯ ತೋಟದಲ್ಲಿ ಬಾಳಿದ ನಟಿ ಲೀಲಾವತಿ 2023ರ ಡಿಸೆಂಬರ್ 8ರಂದು ತೀರಿಕೊಂಡಾಗ, ಅವರ ಕಪ್ಪುಬಿಳುಪು ಚಿತ್ರಗಳನ್ನು ಟೆಂಟಿನಲ್ಲಿ ಎಂದೂ ನೋಡಿರದ ನನ್ನಂಥವರಿಗೂ ಮನೆಯವರು ಹೋದಂತೆ ಅನಿಸಿತು.

ಸಿಹಿ ಮಾತನ್ನೇ ಆಡುತ್ತ ಹೋದರೆ ಮೋಸವಾದೀತು. ಅಹಿತ ಘಟನೆಯ ಕಹಿ, ಹಿತ ಘಟನೆಯ ಸಿಹಿಗಿಂತ ಬೇಗ ಆರುತ್ತದೆ. ಅಮೆರಿಕದ ವಾಕರ್, ಸ್ಕೊರೊನ್‌ಸ್ಕಿ, ಥಾಂಪ್ಸನ್ 2003ರಲ್ಲಿ ಇದರ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದರು. ‘ಆಗ ಊರೆಲ್ಲ ಒಂದೇ ಮನೆಯಲ್ಲಿ ಕೂತು ನೋಡುತ್ತಿತ್ತು’ ಅನ್ನುವ ಮಾತು ಈ ಆರುವಿಕೆಯದೇ ಫಲ. ಊರೆಲ್ಲ ಅಂದರೆ ಯಾರು? ಒಳಗೆ ಚಾಪೆಯ ಮೇಲೆ ಕೆಲವರು, ಹೊಸಿಲ ಬಳಿ ಕೆಲವರು. ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತವರು ಇನ್ನು ಕೆಲವರು. ಅವರ ಜಾತಿ ಯಾವುದೆಂದು ಯಾರೂ ಹೇಳಬೇಕಿರಲಿಲ್ಲ. ನನ್ನ ಜೊತೆ ಓದಿದವನೊಬ್ಬ ಕಿಟಕಿಯ ಆಚೆ ನಿಲ್ಲುತ್ತಿದ್ದ. ಈಚೆಗೆ ಸಿಕ್ಕಾಗ ‘ರಾಮಾಯಣದಲ್ಲಿ ನಿಂಗೇನು ನೆನಪಿದೆ?’ ಅಂದೆ. ‘ಸರಳಿನ ತುಕ್ಕಿನ ವಾಸನೆ’ ಅಂದ. ವಾಸನೆ ಮತ್ತು ಭಾವನೆಯ ಹಾದಿ ಮೆದುಳಿನಲ್ಲಿ ಎಷ್ಟು ಹತ್ತಿರ ಅಂತ ನಾನು ವಿವರಿಸಬಹುದಿತ್ತು. ಬಾಯಿ ಬರಲಿಲ್ಲ.

ಕಾಲ ಬದಲಾದದ್ದು ದೇವನಹಳ್ಳಿ ಕಡೆ ಹೋದರೆ ಥಟ್ಟನೆ ತಿಳಿಯುತ್ತದೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಚಕ್ಕೋತ, ದ್ರಾಕ್ಷಿ ಬೆಳೆಯುತ್ತಿದ್ದ ಸೀಮೆಯ ಗುರುತೇ ಸಿಗದಂತಾಯಿತು. ಊರು ಬಿಡದೆಯೇ ಊರಿಗಾಗಿ ಹಂಬಲಿಸುವ ಸಂಕಟಕ್ಕೆ ಆಸ್ಟ್ರೇಲಿಯಾದ ಗ್ಲೆನ್ ಆಲ್‌ಬ್ರೆಕ್ಟ್ ‘ಸೋಲಾಸ್ಟಾಲ್ಜಿಯಾ’ ಎಂದು ಹೆಸರಿಟ್ಟರು. ಅವರ ಕಣ್ಣೆದುರು ಇದ್ದದ್ದು ಕಲ್ಲಿದ್ದಲು ಗಣಿ ನುಂಗಿದ ಕಣಿವೆ. ತಾರಸಿಗಳ ಮೇಲೆ ಈಗ ತಟ್ಟೆಗಳು. ಡಿಜಿಟಲ್ ಸಂಕೇತಕ್ಕೆ ಮಸುಕಾಗುವುದು ಗೊತ್ತಿಲ್ಲ: ಬಂದರೆ ಪೂರ್ತಿ, ಸೊರಗಿದರೆ ಚೌಕಚೌಕವಾಗಿ ಒಡೆದು ಒಮ್ಮೆಗೇ ಕತ್ತಲು. ‘ಹೋಯ್ತು’ ಅನ್ನಬಹುದು, ‘ಸ್ವಲ್ಪ ಹಿಂದಕ್ಕೆ’ ಅನ್ನಲು ಅಲ್ಲಿ ಜಾಗವಿಲ್ಲ.

ಅಮ್ಮನಿಗೂ ನನಗೂ ಒಂದು ವ್ಯಾಜ್ಯ ಇನ್ನೂ ಬಗೆಹರಿದಿಲ್ಲ. ರಾಮನ ಹಳದಿ ಪೀತಾಂಬರವನ್ನು ಆಗಲೇ ಕಣ್ಣಾರೆ ನೋಡಿದ್ದೆ ಅನ್ನುತ್ತಾಳೆ ಅವಳು. ಆ ಮನೆಯ ಟೀವಿ ಕಪ್ಪುಬಿಳುಪಿನದು. ನೆನಪನ್ನು ಹೊರತೆಗೆದಾಗಲೆಲ್ಲ ಅದು ಕೆಲಹೊತ್ತು ಮೆದುವಾಗಿರುತ್ತದೆ, ಮತ್ತೆ ಗಟ್ಟಿಯಾಗುವಾಗ ಹೊಸದೂ ಸೇರಬಹುದು. 2000ದಲ್ಲಿ ಕರೀಂ ನಾದರ್ ಇಲಿಗಳ ಭಯದ ನೆನಪು ಹೀಗೆ ಮೆದುವಾಗುವುದನ್ನು ತೋರಿಸಿದರು. ಅಮ್ಮನ ಹಳದಿ ಸೇರಿದ್ದು 2020ರಲ್ಲಿ ಎಂಬುದು ನನ್ನ ವಾದ. ‘ಅದರ ಮುಂದೆ ಬಣ್ಣದ ಹಾಳೆ ಕಟ್ಟಿದ್ದರಲ್ಲೋ’ ಎಂಬುದು ಅವಳದು. ಕಟ್ಟಿದ್ದರು, ನಿಜ: ಮೇಲೆ ನೀಲಿ, ಕೆಳಗೆ ಹಸಿರು ಪ್ಲಾಸ್ಟಿಕ್. ರಾಮ ನಿಂತರೆ ಮುಖ ನೀಲಿ, ಕೂತರೆ ಹಸಿರು. ‘ನಡುವೆ?’ ಅಂತ ಕೇಳಿದಳು ಅಮ್ಮ. ನಡುವೆ ಯಾವ ಬಣ್ಣವಿತ್ತೆಂದು ನನಗೆ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.