ಹಿರಿಯರು ಬಿದ್ದರೆ ಮಾತ್ರೆಗಳನ್ನೂ ಪರಿಶೀಲಿಸಿ

ಧಾರವಾಡ: ಮನೆಯ ಹಿರಿಯರು ಬಚ್ಚಲಲ್ಲೋ ಹೊಸ್ತಿಲ ಬಳಿಯೋ ಬಿದ್ದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಅವರು ನಿತ್ಯ ಸೇವಿಸುವ ಮಾತ್ರೆಗಳೂ ಇದಕ್ಕೆ ಕಾರಣವಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6.84 ಲಕ್ಷ ಜನ ಬಿದ್ದು ಸಾವನ್ನಪ್ಪುತ್ತಾರೆ. ಬಿದ್ದು ಸಾಯುವ ಅಪಾಯ 60 ವರ್ಷ ಮೀರಿದವರಲ್ಲೇ ಅಧಿಕ. ಬದುಕುಳಿದರೂ ಸೊಂಟದ ಮೂಳೆ ಮುರಿದ ಅನೇಕರು ಮತ್ತೆ ಮೊದಲಿನಂತೆ ನಡೆದಾಡಲಾರರು.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಗ್ರಾಮಸ್ಥರು ತಜ್ಞ ವೈದ್ಯರನ್ನು ಕಾಣಲು ಸಾಮಾನ್ಯವಾಗಿ ಹುಬ್ಬಳ್ಳಿ ಇಲ್ಲವೇ ಧಾರವಾಡಕ್ಕೇ ಹೋಗಬೇಕು. ರಕ್ತದೊತ್ತಡದ ಮಾತ್ರೆ ತಾಲ್ಲೂಕು ಆಸ್ಪತ್ರೆಯದು, ಮಂಡಿನೋವಿನದು ಹುಬ್ಬಳ್ಳಿಯದು, ನೆಗಡಿಯದು ಊರಿನ ಔಷಧ ಅಂಗಡಿಯದು ಎಂಬಂತಾದರೆ ಎಲ್ಲವನ್ನೂ ಒಟ್ಟಾಗಿ ನೋಡುವವರೇ ಇಲ್ಲದಂತಾಗುತ್ತದೆ.

ಬೀಳುವುದೇಕೆ?

ನಾವು ಎದ್ದು ನಿಂತಾಗ ರಕ್ತ ಕಾಲಿನತ್ತ ಇಳಿಯುತ್ತದೆ. ಕೂಡಲೇ ರಕ್ತನಾಳಗಳು ಬಿಗಿಗೊಂಡು ಒತ್ತಡವನ್ನು ಕಾಯುತ್ತವೆ. ಮುಪ್ಪಿನಲ್ಲಿ ಈ ಶಕ್ತಿ ಕುಂದುತ್ತದೆ. ರಕ್ತದೊತ್ತಡ, ಪ್ರಾಸ್ಟೇಟ್ ತೊಂದರೆಗೆ ನೀಡುವ ಕೆಲವು ಮಾತ್ರೆಗಳು ಹಾಗೂ ಮೂತ್ರ ಹೆಚ್ಚಿಸುವ ಮಾತ್ರೆಗಳು ಅದನ್ನು ಮತ್ತಷ್ಟು ಕುಗ್ಗಿಸಬಲ್ಲವು. ಎದ್ದ 3 ನಿಮಿಷಗಳೊಳಗೆ ಮೇಲಿನ ಒತ್ತಡ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ಎಚ್ಚರ ವಹಿಸಬೇಕು. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೆ ಅಪಾಯ ಹೆಚ್ಚು.

ಡಯಾಜೆಪಾಮ್, ಆಲ್ಪ್ರಜೋಲಾಮ್‌ನಂತಹ ನಿದ್ರೆಮಾತ್ರೆಗಳ ಮಂಪರು ಮರುದಿನವೂ ಉಳಿಯಬಹುದು. ನೆಗಡಿಗೆ ಬಳಸುವ ಕ್ಲೋರ್‌ಫೆನಿರಮೈನ್ ಕೂಡ ತೂಕಡಿಕೆ ತರುತ್ತದೆ. ಗ್ಲಿಬೆನ್‌ಕ್ಲಮೈಡ್ ಸೇವಿಸುವ ಮಧುಮೇಹಿಗಳು ಶ್ರಾವಣದ ಉಪವಾಸ ಹಿಡಿದರೆ ಸಕ್ಕರೆ ಅಂಶ ಕುಸಿದು ತಲೆಸುತ್ತು ಬರಬಹುದು. ಹಿರಿಯರಿಗೆ ಹೊಂದದ ಔಷಧಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಂಗಡಿಗರು 1991ರಲ್ಲೇ ಪ್ರಕಟಿಸಿದ್ದರು. ಕಾಲಕಾಲಕ್ಕೆ ಪರಿಷ್ಕೃತವಾಗುತ್ತಿರುವ ಆ ಪಟ್ಟಿಯಲ್ಲಿ ಈ ನಾಲ್ಕೂ ಔಷಧಗಳಿವೆ.

ಏನು ಮಾಡಬೇಕು?

ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವುದು ಸಲ್ಲ. ದೀರ್ಘಕಾಲ ಸೇವಿಸಿದ ನಿದ್ರೆಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ಫಿಟ್ಸ್ ಬರುವ ಸಂಭವವುಂಟು. ಅಂಗಡಿಯಲ್ಲಿ ಕೊಂಡವೂ ಸೇರಿದಂತೆ ಎಲ್ಲ ಮಾತ್ರೆ, ಚೀಟಿಗಳನ್ನು ಒಂದೇ ಚೀಲದಲ್ಲಿ ಹಾಕಿ ಒಬ್ಬ ವೈದ್ಯರಿಗೆ ತೋರಿಸಬೇಕು. ಮಲಗಿದಾಗ ಹಾಗೂ ನಿಂತಾಗ ಎರಡೂ ಬಾರಿ ರಕ್ತದೊತ್ತಡ ಅಳೆಯುವಂತೆ ಕೇಳಬೇಕು. ಹಿರಿಯರು ಹಾಸಿಗೆಯಿಂದ ಏಳುವಾಗ ಅಂಚಿನಲ್ಲಿ ತುಸು ಹೊತ್ತು ಕುಳಿತು ಏಳುವುದು ಒಳಿತು. ಔಷಧದ ಅಡ್ಡಪರಿಣಾಮವನ್ನು ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು.

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ನೆಲೆಸಿರುವ ಮಕ್ಕಳು ಹಬ್ಬಕ್ಕೆ ಊರಿಗೆ ಹೋದಾಗ ತಂದೆ–ತಾಯಿಯ ಮಾತ್ರೆ ಡಬ್ಬಿಯನ್ನೊಮ್ಮೆ ತೆರೆದು ನೋಡುವುದು ಅಗತ್ಯ.