ಹಿಡಿಂಬನ ಚಿತೆಯಲ್ಲ, ದನದ ದೊಡ್ಡಿ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿ ಬಳಿ ಬೂದಿಯ ದಿಬ್ಬವೊಂದಿದೆ. ಒಂದು ಒಲೆಯ ಬೂದಿಯಲ್ಲ, ಒಂದು ಊರಿನ ಬೂದಿಯೂ ಅಲ್ಲ. ಭೀಮನಿಂದ ಹತನಾದ ಹಿಡಿಂಬಾಸುರನನ್ನು ಸುಟ್ಟ ಜಾಗವಿದು ಎಂಬುದು ಹಳೆಯ ಐತಿಹ್ಯ. ಇಷ್ಟು ಬೂದಿಯಾಗಬೇಕಾದರೆ ಸತ್ತವನು ರಾಕ್ಷಸನೇ ಆಗಿರಬೇಕಲ್ಲವೆ!

ಪಂಡಿತರೂ ಇದನ್ನು ಸಾವಿನೊಡನೆ ಜೋಡಿಸದೆ ಬಿಡಲಿಲ್ಲ. ಕ್ಯಾಪ್ಟನ್ ನ್ಯೂಬೋಲ್ಡ್ 1836 ಮತ್ತು 1843ರಲ್ಲಿ ಬಳ್ಳಾರಿ ಸೀಮೆಯ ಇಂಥ ದಿಬ್ಬಗಳ ಬಗ್ಗೆ ಬರೆದರು. ಕಿಟ್ಟ ಕಟ್ಟಿದ ಬೂದಿ ಕಂಡವರಿಗೆ ಜ್ವಾಲಾಮುಖಿಯ ನೆನಪೂ ಬಂದದ್ದುಂಟು. ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸೀವೆಲ್‌ಗೆ 1899ರಲ್ಲಿ ಇವು ಆ ಕಾಲದ ಸಾಮೂಹಿಕ ದಹನದ ಕುರುಹುಗಳಾಗಿ ಕಂಡವು. ಇದು ಕಬ್ಬಿಣ ಕರಗಿಸಿದ ಕಿಟ್ಟವೆಂದವರೂ ಇದ್ದರು.

ಸರಿಯಾದ ಸುಳಿವು ಹಿಡಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಕಲ್ಲಿನ ಕೊಡಲಿಗಳನ್ನು ಹುಡುಕುತ್ತ ಬಳ್ಳಾರಿಯ ಬೆಟ್ಟಗಳನ್ನು ಸುತ್ತಿದ ಅವರು, ಇದು ದನದ ಸಗಣಿಯ ಬೂದಿ ಎಂದರು; ಆಫ್ರಿಕದ ಮುಳ್ಳುಬೇಲಿಯ ದೊಡ್ಡಿಗಳನ್ನು ನೆನೆದರು. ಆದರೆ ಖಚಿತ ಪುರಾವೆ ಸಿಕ್ಕಿದ್ದು ಬಹಳ ತಡವಾಗಿ. 1957ರಲ್ಲಿ ಎಫ್.ಆರ್. ಆಲ್ಚಿನ್ ಉಟ್ನೂರಿನಲ್ಲಿ ಅಗೆದಾಗ ಬೇಲಿಗೂಟಗಳ ಗುಳಿಗಳೂ ದನದ ಗೊರಸಿನ ಗುರುತುಗಳೂ ಹೊರಬಿದ್ದವು. 1960ರಲ್ಲಿ ಎಫ್.ಇ. ಜಾಯ್ನರ್ ಬೂದಿಯನ್ನು ಪರೀಕ್ಷಿಸಿ, ಅದು ಸಗಣಿಯದೇ ಎಂದು ತೋರಿಸಿದರು. ಸಗಣಿಯ ರಾಶಿಗೆ ಬೆಂಕಿ ಬಿದ್ದು ಶಾಖ ಬಹಳ ಏರಿದರೆ, ಅದರಲ್ಲಿರುವ ಹುಲ್ಲಿನ ಮರಳಿನಂಶ ಕರಗಿ ಗಾಜಿನಂತೆ ಗಟ್ಟಿಯಾಗುತ್ತದೆ. ಕಿಟ್ಟವೆಂದು ಎಲ್ಲರೂ ಮೋಸ ಹೋದದ್ದು ಇದಕ್ಕೇ.

ಬೂದಿದಿಬ್ಬಗಳ ಕಾಲ ಹೆಚ್ಚುಕಡಿಮೆ ಕ್ರಿ.ಪೂ. 3000ದಿಂದ 1200ರ ನಡುವಣದು. ಅಷ್ಟು ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದೇಕೆ? ಕಸ ವಿಲೇವಾರಿಗೆಂದು ಕೆಲವರು. ಹಬ್ಬದ ಆಚರಣೆಗೆಂದು ಆಲ್ಚಿನ್. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದ ನಮಗೆ ಎರಡನೆಯ ಮಾತು ತೀರ ದೂರದ್ದೆನಿಸದು.

ಹಾಗಾದರೆ ಆ ಜನರ ನಿಜವಾದ ಸಮಾಧಿಗಳೆಲ್ಲಿ? ಉತ್ತರ ಸಿಕ್ಕಿದ್ದು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ. 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅಲ್ಲಿನ ಬೆಟ್ಟದ ಮೇಲೆ ಅಗೆದರು. ಗುಂಡುಕಲ್ಲುಗಳ ನಡುವೆ ಬಾಳಿದ ಜನ ಸತ್ತವರನ್ನು ದೂರ ಒಯ್ದಿರಲಿಲ್ಲ. ವಾಸದ ನೆಲೆಯಲ್ಲೇ ಹೂತಿದ್ದರು. ಮಕ್ಕಳಿಗೆ ಮಣ್ಣಿನ ಗಡಿಗೆಯೇ ಸಮಾಧಿ. ಅದೇ ನೆಲೆಯಲ್ಲಿ ಚಿನ್ನದ ಪುಟ್ಟ ಆಭರಣಗಳೂ ದೊರೆತವು.

ದಿಬ್ಬಗಳ ಗತಿ ಮಾತ್ರ ಚೆನ್ನಾಗಿಲ್ಲ. ಬೂದಿ ಹೊಲಕ್ಕೆ ಒಳ್ಳೆಯ ಗೊಬ್ಬರ; ಹಲವು ದಿಬ್ಬಗಳು ಗಾಡಿ ತುಂಬಿ ಹೊಲ ಸೇರಿವೆ. ಸಂಗನಕಲ್ಲು-ಕುಪ್ಪಗಲ್ಲಿನ ಬೆಟ್ಟಗಳನ್ನು ಕಲ್ಲುಗಣಿ ಕಾಡಿದೆ. ಅಲ್ಲಿ ಸಿಕ್ಕ ವಸ್ತುಗಳನ್ನು ಬಳ್ಳಾರಿಯಲ್ಲಿ ಫೂಟ್ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಬೂದಿಯನ್ನೇ ನೋಡಬೇಕೆಂದರೆ ಕುಡತಿನಿಯ ಬಸ್ಸು ಹತ್ತಬೇಕು.