ಮರ ಏರಲು ಹಗುರ ಸಾಧನ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಮೇಳಕ್ಕೆ ಹೋದ ಬೆಳೆಗಾರರು ಮರ ಏರುವ ಸಾಧನ ಕಂಡರೆ ನಿಲ್ಲದೆ ಬರುವುದಿಲ್ಲ. ಕೊನೆಗಾರರು ಸಿಗುವುದೇ ಕಷ್ಟವಾಗಿರುವಾಗ ಅದು ಸಹಜ. ಕೊಳ್ಳುವ ಮೊದಲು ನೋಡಬೇಕಾದ್ದು ಕೆಲವಿದೆ.

ಕಣ್ಣೂರು ಜಿಲ್ಲೆಯ ಚೆಂಬೇರಿಯಲ್ಲಿ ಹುಟ್ಟಿದ ಏರುಯಂತ್ರ ತೆಂಗಿಗೆ ಒಗ್ಗಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕರಿಗೆ ತರಬೇತಿ ಕೊಟ್ಟದ್ದೂ ಯಂತ್ರದಿಂದ ಏರುವುದಕ್ಕೇ. ಕಾಂಡ ಸುತ್ತಿದ ತಂತಿಹಗ್ಗ ಮೈಭಾರಕ್ಕೆ ಬಿಗಿಯುತ್ತದೆ, ಕಾಲೆತ್ತಿದಾಗ ಸಡಿಲುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಮರಕ್ಕೆ ಮಾತ್ರ ಇದು ಸಲ್ಲದು. ತಳೆ ಹಾಕಿ ಏರುವ ಕೊನೆಗಾರ ಅಡಿಕೆ ಮರದ ತುದಿಯಿಂದ ತುದಿಗೆ ಜೀಕಿ ದಾಟುತ್ತಾನೆ. ಯಂತ್ರವಾದರೆ ಪ್ರತಿ ಮರಕ್ಕೂ ಇಳಿಯಲೇಬೇಕು.

ಸೊಂಟ, ತೊಡೆಗಳನ್ನು ಹಿಡಿಯುವ ನೈಲಾನ್ ಪಟ್ಟಿಯ ಜೀನು ಇನ್ನೂ ಹಗುರ. ಇದು ಮರ ಹತ್ತಿಸುವುದಿಲ್ಲ. ಹತ್ತಿದವನನ್ನು ಕೂರಿಸಿ ಎರಡೂ ಕೈ ಬಿಡಿಸುತ್ತದೆ. ಕಾಫಿ ತೋಟದ ಮರಗಸಿಗೆ ಇದೇ ಮೇಲೆಂದು ನಮ್ಮ ಅಭಿಪ್ರಾಯ. ಹಗ್ಗ ಎರಡು ಬೇಕು: ಕೊಂಬೆ ದಾಟುವಾಗ ಒಂದನ್ನು ಬಿಚ್ಚುವ ಮೊದಲೇ ಇನ್ನೊಂದನ್ನು ಕಟ್ಟಿರಬೇಕು. ಹಗ್ಗ ಸೊಂಟಕ್ಕಿಂತ ಮೇಲೆ, ಸಡಿಲಿಲ್ಲದೆ ಇರಲಿ. ಸಡಿಲವಿದ್ದರೆ ಬಿದ್ದವನಿಗೆ ಜಗ್ಗಿನ ಏಟೇ ಅಪಾಯ. ಕತ್ತಿ ತಾಗಿ ಗೀರು ಬಿದ್ದ ಪಟ್ಟಿಯನ್ನು ಎಸೆದುಬಿಡಿ. ಮೊದಲ ಪ್ರಯೋಗ ಮೊಳಕಾಲೆತ್ತರದಲ್ಲಿ ಆಗಲಿ. ಜೋತುಬಿದ್ದವನನ್ನು ಬೇಗ ಇಳಿಸದಿದ್ದರೆ ರಕ್ತ ಕಾಲಿನಲ್ಲೇ ನಿಂತು ಪ್ರಾಣಕ್ಕೆ ಸಂಚಕಾರ. ಆದ್ದರಿಂದ ಯಾರನ್ನೂ ಒಂಟಿಯಾಗಿ ಹತ್ತಿಸಬೇಡಿ.

ಹತ್ತುವುದೇ ಬೇಡ ಎನ್ನುವವರಿಗೆ ಕಾರ್ಬನ್ ಫೈಬರ್ ದೋಟಿ ಇದೆ. ಹಗುರವೇನೋ ನಿಜ, ಆದರೆ ಅಲ್ಯೂಮಿನಿಯಂ ಏಣಿಯಂತೆ ಇದರಲ್ಲೂ ವಿದ್ಯುತ್ ಹರಿಯುತ್ತದೆ. ಕರೆಂಟಿನ ತಂತಿ ಹಾದುಹೋದ ಸಾಲಿಗೆ ಎರಡನ್ನೂ ಒಯ್ಯಬಾರದು.